ಬಾಲಕ್ಕೊಂದು ಶಿಲ್ಲಿಂಗು

೧೯೦೩ನೆಯ ಇಸವಿಯಲ್ಲಿ ಬ್ರಿಟನ್ನಿನಲ್ಲಿ ಅಳಿಲಿಗೆ ಸಂಬಂಧಿಸಿದ ಎರಡು ಸಂಗತಿಗಳು ನಡೆದವು. ಬಿಯಾಟ್ರಿಕ್ಸ್ ಪಾಟರ್ ಎಂಬ ಲೇಖಕಿ ಮಕ್ಕಳಿಗಾಗಿ ಬರೆದು ತಾವೇ ಚಿತ್ರ ಬಿಡಿಸಿದ, ನಟ್ಕಿನ್ ಎಂಬ ತುಂಟ ಕೆಂಪು ಅಳಿಲಿನ ಕಥೆ ಅಚ್ಚಾಗಿ ಹೊರಬಂತು. ಮಕ್ಕಳು ಆ ಕೆಂಪಳಿಲನ್ನು ತಮ್ಮ ಒಡನಾಡಿಯೆಂದೇ ಬಗೆದರು. ಅದೇ ವರ್ಷ ಸ್ಕಾಟ್ಲೆಂಡಿನ ಉತ್ತರದ ಗುಡ್ಡನಾಡಿನಲ್ಲಿ ಕೆಲವರು ಜಮೀನುದಾರರು ಕೂಡಿ ‘ಹೈಲ್ಯಾಂಡ್ ಸ್ಕ್ವಿರೆಲ್ ಕ್ಲಬ್’ ಎಂಬ ಸಂಘವೊಂದನ್ನು ಕಟ್ಟಿದರು. ಹೆಸರು ಕೇಳಿದರೆ ಅಳಿಲಿನ ಮೇಲಿನ ಅಕ್ಕರೆಯಿಂದ ಹುಟ್ಟಿದ ಸಂಘವೆನಿಸೀತು. ಆದರೆ ಅದರ ಉದ್ದೇಶ ಅದೇ ಕೆಂಪು ಅಳಿಲನ್ನು ಕೊಲ್ಲಿಸುವುದಾಗಿತ್ತು. ಬಾಲವೊಂದಕ್ಕೆ ಇಷ್ಟೆಂದು ಹಣ ಗೊತ್ತುಮಾಡಿ, ೧೯೪೬ರವರೆಗೆ, ಅಂದರೆ ನಲವತ್ತಕ್ಕೂ ಹೆಚ್ಚು ವರ್ಷ, ಆ ಸಂಘ ಹತ್ತಾರು ಸಾವಿರ ಕೆಂಪಳಿಲುಗಳನ್ನು ಕೊಲ್ಲಿಸಿತು.

ಇಂದು ಅದೇ ಕೆಂಪಳಿಲು ಬ್ರಿಟನ್ನಿನಲ್ಲಿ ಕಾನೂನಿನ ರಕ್ಷಣೆ ಪಡೆದ ಪ್ರಾಣಿ. ೧೯೮೧ರ ವನ್ಯಜೀವಿ ಕಾಯಿದೆಯ ಪ್ರಕಾರ ಅದನ್ನು ಕೊಲ್ಲುವುದಿರಲಿ, ಅದರ ಗೂಡನ್ನು ಕೆಡಿಸುವುದೂ ಅಪರಾಧ. ಅದನ್ನು ಉಳಿಸುವುದಕ್ಕಾಗಿ ಸಂಘಗಳಿವೆ, ಸ್ವಯಂಸೇವಕರಿದ್ದಾರೆ, ಸರ್ಕಾರದ ಯೋಜನೆಗಳಿವೆ. ಈ ಯೋಜನೆಗಳ ಮುಖ್ಯ ಕೆಲಸವೆಂದರೆ ಇನ್ನೊಂದು ಅಳಿಲನ್ನು ಕೊಲ್ಲುವುದು. ಅದು ಅಮೆರಿಕದಿಂದ ಬಂದ ಬೂದು ಅಳಿಲು. ಅದರ ಬಾಲಕ್ಕೂ ಒಂದು ಕಾಲದಲ್ಲಿ ಬೆಲೆ ಕಟ್ಟಿದ್ದುಂಟು; ಕೊಟ್ಟವರು ಮಾತ್ರ ಈ ಸಲ ಜಮೀನುದಾರರಲ್ಲ, ಸ್ವಯಂ ಬ್ರಿಟಿಷ್ ಸರ್ಕಾರ.

ಒಂದು ಪ್ರಾಣಿಯನ್ನು ಉಳಿಸಲು ಇನ್ನೊಂದನ್ನು ಕೊಲ್ಲಬಹುದೇ? ಕೊಲ್ಲಲೇಬೇಕಾದರೆ ಅದನ್ನು ಹೇಗೆ ಮಾಡಬೇಕು, ಎಲ್ಲಿ ನಿಲ್ಲಿಸಬೇಕು? ಇವು ಧರ್ಮಶಾಸ್ತ್ರದ ಪ್ರಶ್ನೆಗಳಂತೆ ಕಂಡರೂ, ಬ್ರಿಟನ್ನಿನ ಅಳಿಲುಗಳ ವಿಷಯದಲ್ಲಿ ಇವುಗಳಿಗೆ ಉತ್ತರ ಹುಡುಕಬೇಕಾದುದು ಚರಿತ್ರೆಯಲ್ಲಿಯೇ.

ಎರಡು ಅಳಿಲುಗಳು

ನಮ್ಮ ಅಂಗಳದ ಅಳಿಲನ್ನು ನೋಡಿ ಬಲ್ಲ ವಾಚಕರಿಗೆ ಮೊದಲು ಈ ಎರಡು ಅಳಿಲುಗಳ ಪರಿಚಯ ಮಾಡಿಕೊಡಬೇಕು. ಶ್ರೀರಾಮನ ಬೆರಳಚ್ಚು ಹೊತ್ತ ನಮ್ಮ ಮೂರು ಪಟ್ಟೆಯ ಅಳಿಲು ಅಂಗೈಯಲ್ಲಿ ಹಿಡಿಸುವಷ್ಟು ಸಣ್ಣದು. ಯೂರೋಪಿನ ಕೆಂಪಳಿಲು ಅದಕ್ಕಿಂತ ದೊಡ್ಡದು. ತೂಕ ಸುಮಾರು ೩೦೦ ಗ್ರಾಂ. ಬೆನ್ನಿನ ಮೇಲೆ ಪಟ್ಟೆಯಿಲ್ಲ. ಮೈ ಕಂದುಗೆಂಪು, ಹೊಟ್ಟೆ ಬಿಳುಪು, ಚಳಿಗಾಲದಲ್ಲಿ ಕಿವಿಯ ತುದಿಯಲ್ಲಿ ಕುಚ್ಚಿನಂತೆ ಕೂದಲು ಬೆಳೆಯುತ್ತದೆ. ನೆಲಕ್ಕಿಳಿಯುವುದು ಕಡಿಮೆ; ಮರದ ಮೇಲೆಯೇ ಅದರ ಬಹುಪಾಲು ಬದುಕು. ಹಿಮಯುಗ ಕಳೆದ ಮೇಲೆ ಬ್ರಿಟನ್ನಿಗೆ ಬಂದು ನೆಲೆಸಿದ ಪ್ರಾಣಿ ಇದು.

ಬೂದು ಅಳಿಲಿನ ತವರು ಉತ್ತರ ಅಮೆರಿಕದ ಪೂರ್ವಭಾಗದ ಅಗಲ ಎಲೆಯ ಕಾಡುಗಳು. ತೂಕದಲ್ಲಿ ಅದು ಕೆಂಪಳಿಲಿನ ಎರಡರಷ್ಟಕ್ಕೆ ಹತ್ತಿರ. ಮರದಷ್ಟೇ ಸಲೀಸಾಗಿ ನೆಲದ ಮೇಲೂ ಓಡಾಡುತ್ತದೆ. ಮನುಷ್ಯನಿಗೆ ಹೆಚ್ಚು ಅಂಜುವುದಿಲ್ಲ. ಲಂಡನ್ನಿನ ಉದ್ಯಾನಗಳಲ್ಲಿ ಬೆಂಚಿನ ಮೇಲೆ ಕುಳಿತವರ ಕೈಯಿಂದ ಕಡಲೆಕಾಯಿ ಕಿತ್ತುಕೊಳ್ಳುವ ಅಳಿಲೆಂದರೆ ಇದೇ.

ಕೆಂಪಳಿಲು ಸ್ಥಳೀಯ, ಬೂದಳಿಲು ಪರದೇಶಿ ಎಂಬ ಮಾತು ಸ್ಥೂಲವಾಗಿ ನಿಜ. ಆದರೆ ಕೆಂಪಳಿಲಿನ ಚರಿತ್ರೆಯೂ ನೇರವಾದ ಗೆರೆಯಲ್ಲ. ಕಾಡುಗಳನ್ನು ಕಡಿದು ಬಯಲು ಮಾಡಿದ್ದರಿಂದ ಹದಿನೆಂಟನೆಯ ಶತಮಾನದ ಕೊನೆಯ ವೇಳೆಗೆ ಸ್ಕಾಟ್ಲೆಂಡಿನ ಬಹುಭಾಗದಲ್ಲಿ ಅದು ಹೆಸರಿಲ್ಲದಂತಾಗಿತ್ತು. ಅಲ್ಲಿನ ಶ್ರೀಮಂತರೇ ಹೊರಗಿನಿಂದ ಕೆಂಪಳಿಲುಗಳನ್ನು ತರಿಸಿ ಮತ್ತೆ ಬಿಟ್ಟರು. ೧೮೪೪ರಲ್ಲಿ ಉತ್ತರ ಸ್ಕಾಟ್ಲೆಂಡಿನ ಬೋಫರ್ಟ್ ಕೋಟೆಯ ಬಳಿ ಲೇಡಿ ಲೊವಾಟ್ ಬಿಡಿಸಿದ ಅಳಿಲುಗಳು ಅಂಥವು. ಆ ವೇಳೆಗೆ ಹೊಸದಾಗಿ ನೆಟ್ಟ ಪೈನ್ ತೋಪುಗಳು ಬೆಳೆದುನಿಂತಿದ್ದವು. ಅಳಿಲು ಹೆಚ್ಚಿತು, ಹೆಚ್ಚಿದ ಅಳಿಲು ಎಳೆಯ ಮರಗಳ ತೊಗಟೆ ಸುಲಿಯಿತು. ಅಜ್ಜಂದಿರು ಅಕ್ಕರೆಯಿಂದ ತಂದು ಬಿಟ್ಟ ಅಳಿಲನ್ನು ಮೊಮ್ಮಕ್ಕಳು ಸಂಘ ಕಟ್ಟಿಕೊಂಡು ಹೊಡೆದರು. ಐರ್ಲೆಂಡಿನ ಕೆಂಪಳಿಲುಗಳಲ್ಲಿಯೂ ಹೆಚ್ಚಿನವು ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನಿಂದ ತಂದು ಬಿಟ್ಟವುಗಳ ಸಂತಾನ. ಆದ್ದರಿಂದ ಯಾವುದು ನಮ್ಮದು, ಯಾವುದು ಪೀಡೆ ಎಂಬ ತೀರ್ಮಾನದಲ್ಲಿ ಪ್ರಾಣಿಯ ಗುಣಕ್ಕಿಂತ ಮನುಷ್ಯನ ಅಂದಂದಿನ ಅನುಕೂಲವೇ ಹೆಚ್ಚು ಕೆಲಸ ಮಾಡಿದೆ ಎಂಬುದನ್ನು ಮೊದಲೇ ಒಪ್ಪಿಕೊಂಡು ಮುಂದುವರಿಯುವುದು ಲೇಸು.

ತೋಟದ ಅಲಂಕಾರ

ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಸಿರಿವಂತರಿಗೆ ದೇಶದೇಶಗಳ ಗಿಡಮರ, ಪಶುಪಕ್ಷಿಗಳನ್ನು ತಂದು ತಮ್ಮ ತೋಟಗಳಲ್ಲಿ ನೆಲೆಗೊಳಿಸುವುದು ಒಂದು ದೊಡ್ಡ ಹವ್ಯಾಸವಾಗಿತ್ತು. ಸಾಮ್ರಾಜ್ಯ ವಿಸ್ತಾರವಾದಂತೆ ಹವ್ಯಾಸವೂ ವಿಸ್ತಾರವಾಯಿತು. ಬೂದು ಅಳಿಲನ್ನು ಬಿಟ್ಟ ಬಗ್ಗೆ ಖಚಿತ ದಾಖಲೆಯಿರುವ ಮೊದಲ ಪ್ರಸಂಗ ೧೮೭೬ರದು. ಚೆಷರ್ ಪ್ರಾಂತದ ಹೆನ್‌ಬರಿ ಪಾರ್ಕಿನಲ್ಲಿ ಥಾಮಸ್ ಬ್ರಾಕಲ್‌ಹರ್ಸ್ಟ್ ಎಂಬ ಸಿರಿವಂತ ಅಮೆರಿಕದಿಂದ ತಂದ ಕೆಲವು ಅಳಿಲುಗಳನ್ನು ತನ್ನ ತೋಟದಲ್ಲಿ ಬಿಟ್ಟ. ೧೮೯೦ರಲ್ಲಿ ವೋಬರ್ನ್ ಎಂಬಲ್ಲಿ ಬೆಡ್‌ಫರ್ಡ್ ಡ್ಯೂಕರ ಎಸ್ಟೇಟಿನಲ್ಲಿ ಹತ್ತು ಅಳಿಲುಗಳನ್ನು ಬಿಡಲಾಯಿತು. ಇವು ಬಂದದ್ದು ನ್ಯೂಜರ್ಸಿಯಿಂದ.

ಮೂರು ವರ್ಷಗಳ ಬಳಿಕ ಡ್ಯೂಕ್ ಪಟ್ಟಕ್ಕೆ ಬಂದ ಹರ್‌ಬ್ರಾಂಡ್ ರಸೆಲ್ ಪ್ರಾಣಿಗಳಲ್ಲಿ ಬಹಳ ಆಸಕ್ತಿಯುಳ್ಳವನು. ಚೀನಾದಲ್ಲಿ ನಿರ್ನಾಮವಾಗುತ್ತಿದ್ದ ಪೆರ್ ಡೇವಿಡ್ ಜಿಂಕೆ ಇಂದು ಭೂಮಿಯ ಮೇಲೆ ಉಳಿದಿರುವುದು ಅವನು ವೋಬರ್ನಿನಲ್ಲಿ ಸಾಕಿ ಬೆಳೆಸಿದ ಹಿಂಡಿನಿಂದ. ೧೯೮೫ರಲ್ಲಿ ಆ ವಂಶದ ಜಿಂಕೆಗಳು ತಮ್ಮ ತವರಾದ ಚೀನಾಕ್ಕೆ ಮರಳಿದವು. ಇಂಥ ಪುಣ್ಯದ ಕೆಲಸ ಮಾಡಿದ ಮನುಷ್ಯನೇ ತನ್ನ ತೋಟದಲ್ಲಿ ಹೆಚ್ಚಿದ ಬೂದು ಅಳಿಲುಗಳನ್ನು ಬಂಧುಮಿತ್ರರಿಗೆ ಉಡುಗೊರೆಯಾಗಿ ಹಂಚಿದ. ಲಂಡನ್ನಿನ ರೀಜೆಂಟ್ಸ್ ಪಾರ್ಕಿಗೆ ೧೯೦೫ರಿಂದ ೧೯೦೭ರವರೆಗೆ ಅಳಿಲುಗಳು ಹೋದದ್ದು ವೋಬರ್ನಿನಿಂದಲೇ. ಒಂದೇ ಕೈ ಒಂದು ಜೀವಜಾತಿಯನ್ನು ಉಳಿಸಿತು, ಇನ್ನೊಂದರ ಬೇರಿಗೆ ಕೊಡಲಿಯನ್ನೂ ಇಟ್ಟಿತು. ಎರಡರ ಹಿಂದೆಯೂ ಇದ್ದದ್ದು ಪ್ರೀತಿಯೇ.

೧೯೧೧ರಲ್ಲಿ ಬೂದು ಅಳಿಲು ಐರ್ಲೆಂಡಿಗೂ ಹೋಯಿತು. ಲಾಂಗ್‌ಫರ್ಡ್ ಪ್ರಾಂತದ ಕ್ಯಾಸಲ್ ಫೋರ್ಬ್ಸ್ ಎಂಬ ಮಹಲಿನಲ್ಲಿ ನಡೆದ ಮದುವೆಯೊಂದಕ್ಕೆ ಬುಟ್ಟಿಯಲ್ಲಿ ಉಡುಗೊರೆಯಾಗಿ ಬಂದ ಅಳಿಲುಗಳು ಅವು ಎಂದು ಪ್ರತೀತಿ. ಅದೇ ವರ್ಷ ಬಿಯಾಟ್ರಿಕ್ಸ್ ಪಾಟರ್ ಇನ್ನೊಂದು ಅಳಿಲಿನ ಕಥೆ ಪ್ರಕಟಿಸಿದರು. ಅದರ ನಾಯಕ ಟಿಮ್ಮಿ ಟಿಪ್‌ಟೋಸ್ ಬೂದು ಅಳಿಲು! ಮಕ್ಕಳ ಮನಸ್ಸಿನಲ್ಲಿ ಎರಡಕ್ಕೂ ಸಮಾನವಾದ ಜಾಗವಿತ್ತು. ಕಾಡಿನಲ್ಲಿ ಮಾತ್ರ ಇರಲಿಲ್ಲ.

೧೮೭೬ರಿಂದ ೧೯೨೯ರವರೆಗೆ ಸುಮಾರು ಮೂವತ್ತು ಕಡೆಗಳಲ್ಲಿ ಈ ಅಳಿಲನ್ನು ಬಿಡಲಾಯಿತು. ಅದು ಮಹಾಶಕ್ತಿಯಿಂದ ತಾನಾಗಿ ದೇಶವನ್ನೆಲ್ಲ ಗೆದ್ದಿತೆಂದು ಬಹುಕಾಲ ನಂಬಲಾಗಿತ್ತು. ಆದರೆ ೨೦೧೬ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಸಂಶೋಧಕರು ಬೇರೆ ಬೇರೆ ಕಡೆಯ ಅಳಿಲುಗಳ ವಂಶವಾಹಿಗಳನ್ನು ಹೋಲಿಸಿ ನೋಡಿದಾಗ, ಅವುಗಳ ಹರಡುವಿಕೆಗೆ ಬಹುಮಟ್ಟಿಗೆ ಮನುಷ್ಯರೇ ಕಾರಣರೆಂದು ಕಂಡುಬಂತು. ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆದರು ಎಂಬ ಗಾದೆ ನಮ್ಮಲ್ಲಿದೆ. ಇಲ್ಲಿ ಮಾರಿ ಬೀದಿಯಲ್ಲಿಯೂ ಇರಲಿಲ್ಲ, ಸಮುದ್ರದಾಚೆ ತನ್ನ ಕಾಡಿನಲ್ಲಿ ಹಾಯಾಗಿತ್ತು. ಹಡಗಿನಲ್ಲಿ ಕೂರಿಸಿಕೊಂಡು ಬಂದದ್ದಲ್ಲದೆ, ಮನೆಮನೆಗೂ ಹೊತ್ತು ಹಂಚಿದರು.

ಹೊಡೆದಾಟವಿಲ್ಲದ ಸೋಲು

ಬೂದಳಿಲು ಕೆಂಪಳಿಲನ್ನು ಅಟ್ಟಿಸಿಕೊಂಡು ಹೋಗಿ ಕಚ್ಚಿ ಕೊಲ್ಲುತ್ತದೆ ಎಂಬ ನಂಬಿಕೆ ಇಂಗ್ಲೆಂಡಿನಲ್ಲಿ ಒಂದು ಕಾಲಕ್ಕೆ ಪ್ರಬಲವಾಗಿತ್ತು. ಆಕ್ಸ್‌ಫರ್ಡಿನ ಪ್ರಾಣಿಶಾಸ್ತ್ರಜ್ಞ ಎ. ಡಿ. ಮಿಡ್ಲ್‌ಟನ್ ೧೯೩೧ರಲ್ಲಿ ಬೂದು ಅಳಿಲಿನ ಬಗ್ಗೆ ಒಂದು ಪುಸ್ತಕವನ್ನೇ ಬರೆದರು. ಈ ಶತಮಾನದ ಮೊದಲ ದಶಕಗಳಲ್ಲಿ ಎಂದು ಆಗ ಅವರು ಹೇಳಬಹುದಾಗಿದ್ದ ಕಾಲದಲ್ಲಿ, ಬೂದಳಿಲು ಇನ್ನೂ ಕಾಲಿಡದ ಕಡೆಗಳಲ್ಲಿಯೂ ಕೆಂಪಳಿಲುಗಳು ರೋಗದಿಂದ ಗುಂಪುಗುಂಪಾಗಿ ಸತ್ತಿದ್ದವು. ಮೊದಲ ಮಹಾಯುದ್ಧದಲ್ಲಿ ಕಾಡು ಕಡಿದದ್ದೂ ಅವುಗಳಿಗೆ ಪೆಟ್ಟಾಗಿತ್ತು. ಹಾಗಾಗಿ ಕೆಂಪಳಿಲಿನ ಎಲ್ಲ ಸಾವುಗಳನ್ನೂ ಹೊಸಬನ ತಲೆಗೆ ಕಟ್ಟುವಂತಿರಲಿಲ್ಲ. ಆದರೂ ಒಂದು ಮಾತು ದಿನದಿನಕ್ಕೆ ಸ್ಪಷ್ಟವಾಗುತ್ತ ಬಂತು. ಕಡಿಮೆಯಾದ ಕೆಂಪಳಿಲು ಹಿಂದೆ ಮತ್ತೆ ಚಿಗುರಿಕೊಳ್ಳುತ್ತಿತ್ತು. ಬೂದಳಿಲು ಬಂದು ಕೂತ ಕಾಡಿನಲ್ಲಿ ಚಿಗುರಿಕೊಳ್ಳಲಿಲ್ಲ.

ಕಾರಣ ಊಟದಲ್ಲಿತ್ತು. ಓಕ್ ಮರದ ಕಾಯಿಯಲ್ಲಿ ಒಗರು ಹೆಚ್ಚು. ಕೆಂಪಳಿಲಿಗೆ ಅದು ಸರಿಯಾಗಿ ಅರಗುವುದಿಲ್ಲ, ಬೂದಳಿಲಿಗೆ ಅರಗುತ್ತದೆ. ಓಕ್ ಕಾಯಿಗಳ ಬಲದಿಂದ ಹೆಚ್ಚಿದ ಬೂದಳಿಲುಗಳು ಹೇಜಲ್ ಕಾಯಿಗಳನ್ನು ಮಾಗುವ ಮೊದಲೇ ಮುಗಿಸುತ್ತವೆ. ಕೆಂಪಳಿಲು ಚಳಿಗಾಲ ಕಳೆಯಲು ನೆಚ್ಚಿಕೊಂಡಿದ್ದ ಉಗ್ರಾಣವೇ ಬರಿದಾಗುತ್ತದೆ. ಸಾಕಷ್ಟು ಉಣ್ಣದ ತಾಯಿ ಈಯುವುದು ಕಡಿಮೆ, ಈದ ಮರಿಗಳು ಉಳಿಯುವುದು ಇನ್ನೂ ಕಡಿಮೆ. ಹೀಗೆ ಒಂದು ಏಟೂ ಬೀಳದೆ ಕೆಲವು ವರ್ಷಗಳಲ್ಲಿ ಒಂದು ಕಾಡು ಕೈಬದಲಾಗುತ್ತದೆ.

ಇದರ ಜೊತೆಗೆ ರೋಗವೂ ಸೇರಿಕೊಂಡಿತು. ‘ಅಳಿಲು ಸಿಡುಬು’ ಎಂದು ನಾವು ಕರೆಯಬಹುದಾದ ಒಂದು ವೈರಸ್ಸಿದೆ. ಬೂದಳಿಲು ಅದನ್ನು ಹೊತ್ತು ತಿರುಗಿಯೂ ಆರೋಗ್ಯವಾಗಿರುತ್ತದೆ. ಕೆಂಪಳಿಲಿಗೆ ತಗುಲಿದರೆ ಕಣ್ಣು, ಬಾಯಿ, ಪಾದಗಳ ಸುತ್ತ ಹುಣ್ಣೆದ್ದು, ತಿನ್ನಲಾರದೆ ಸಾಮಾನ್ಯವಾಗಿ ಎರಡು ವಾರದೊಳಗೆ ಸಾಯುತ್ತದೆ. ೨೦೦೮ರಲ್ಲಿ ಲಿವರ್‌ಪೂಲಿನ ಉತ್ತರಕ್ಕಿರುವ ಫಾರ್ಮ್‌ಬಿ ಕರಾವಳಿಯ ಪೈನ್ ಕಾಡುಗಳಲ್ಲಿ ಈ ರೋಗ ಹಬ್ಬಿದಾಗ ಅಲ್ಲಿನ ಕೆಂಪಳಿಲುಗಳಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ನಾಶವಾದವು. ಅಳಿದುಳಿದವುಗಳಿಂದ ಸಂಖ್ಯೆ ಮೆಲ್ಲನೆ ಚೇತರಿಸಿಕೊಂಡಿತೆಂಬುದು ಸಮಾಧಾನದ ಸಂಗತಿ. ಹೀಗೆ ರೋಗವೂ ಬೂದಳಿಲೂ ಒಟ್ಟಿಗೆ ಬಂದ ಕಡೆ ಕೆಂಪಳಿಲು ಮರೆಯಾಗುವ ವೇಗ ಹಲವು ಪಟ್ಟು ಹೆಚ್ಚುತ್ತದೆ.

ಸತ್ತವುಗಳ ಲೆಕ್ಕ

ಸರ್ಕಾರ ಎಚ್ಚತ್ತದ್ದು ೧೯೩೭ರಲ್ಲಿ. ಬೂದಳಿಲನ್ನು ಹೊರಗಿನಿಂದ ತರುವುದನ್ನೂ ಸಾಕುವುದನ್ನೂ ಆ ವರ್ಷ ನಿಷೇಧಿಸಲಾಯಿತು. ಮೊದಲ ಅಳಿಲು ಬಂದು ಅರುವತ್ತೊಂದು ವರ್ಷಗಳಾಗಿದ್ದವು. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗಾಯಿತು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಊರೂರಿನಲ್ಲಿ ಬೂದಳಿಲು ಹೊಡೆಯುವ ಕೂಟಗಳು ಹುಟ್ಟಿಕೊಂಡವು. ಅವುಗಳಿಗೆ ಸರ್ಕಾರದಿಂದ ತೋಟಾಗಳು ಪುಕ್ಕಟೆಯಾಗಿ ಸಿಕ್ಕುತ್ತಿದ್ದವು. ೧೯೫೩ರಲ್ಲಿ ಸರ್ಕಾರ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಬೂದಳಿಲಿನ ಬಾಲವೊಂದನ್ನು ತಂದೊಪ್ಪಿಸಿದವರಿಗೆ ಒಂದು ಶಿಲ್ಲಿಂಗು ಕೊಡುವುದಾಗಿ ಸಾರಿತು. ಬಳಿಕ ಅದು ಎರಡು ಶಿಲ್ಲಿಂಗಿಗೆ ಏರಿತು.

ಬಾಲಗಳು ಬಂದವು, ರಾಶಿರಾಶಿಯಾಗಿ ಬಂದವು. ೧೯೫೮ರಲ್ಲಿ ಯೋಜನೆ ನಿಲ್ಲುವಷ್ಟರಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಬಾಲಗಳಿಗೆ ಸರ್ಕಾರ ಹಣ ಎಣಿಸಿಕೊಟ್ಟಿತ್ತು. ಆದರೆ ಬೂದಳಿಲು ಕಡಿಮೆಯಾಗಲಿಲ್ಲ. ಅದು ಹರಡುವುದೂ ನಿಲ್ಲಲಿಲ್ಲ.

ಹೀಗೇಕಾಯಿತು? ಶಿಲ್ಲಿಂಗಿಗಾಗಿ ಹೊರಟ ಬೇಟೆಗಾರ ಅಳಿಲು ಹೆಚ್ಚಾಗಿರುವ ಕಡೆ ಹೋಗುತ್ತಾನೆಯೇ ಹೊರತು, ಕೆಂಪಳಿಲಿಗೆ ಅಪಾಯವಿರುವ ಕಡೆ ಹೋಗುವುದಿಲ್ಲ. ಹತ್ತು ಅಳಿಲು ಸುಲಭವಾಗಿ ಸಿಕ್ಕುವ ಕಾಡಿನಲ್ಲಿ ಎಂಟನ್ನು ಹೊಡೆಯುತ್ತಾನೆ. ಕಷ್ಟಪಟ್ಟು ಹುಡುಕಬೇಕಾದ ಉಳಿದೆರಡನ್ನು ಬಿಟ್ಟು ಮುಂದಿನ ಕಾಡಿಗೆ ನಡೆಯುತ್ತಾನೆ. ಉಳಿದೆರಡಕ್ಕೆ ಈಗ ಹತ್ತರ ಊಟ. ಜಾಗ ತೆರವಾಯಿತೆಂದು ನೆರೆಯ ತೋಪಿನ ಮರಿಗಳೂ ಬಂದು ಸೇರುತ್ತವೆ. ಮರುವರ್ಷ ಬೇಟೆಗಾರನಿಗೆ ಮತ್ತೆ ಫಸಲು. ಬಾಲಕ್ಕೆ ಬೆಲೆ ಇರುವವರೆಗೆ ಅಳಿಲು ಪೂರಾ ಮುಗಿಯುವುದು ಬೇಟೆಗಾರನಿಗೆ ನಷ್ಟವೇ ಅಲ್ಲವೇ?

ಆ ಕಾಲದಲ್ಲಿ ಅಳಿಲುಗಳು ಎಲ್ಲೆಲ್ಲಿವೆ ಎಂದು ದೇಶವನ್ನೆಲ್ಲ ವಿಚಾರಿಸಿ ನಕ್ಷೆ ತಯಾರಿಸಿದವರು ಆಕ್ಸ್‌ಫರ್ಡಿನ ಮೋನಿಕಾ ಶಾರ್ಟನ್ ಎಂಬ ವಿದುಷಿ. ೧೯೫೪ರಲ್ಲಿ ಅವರ ‘ಸ್ಕ್ವಿರೆಲ್ಸ್’ ಎಂಬ ಪುಸ್ತಕ ಹೊರಬಂತು. ಒಂದು ಕಡೆ ವಿದ್ವಾಂಸೆಯೊಬ್ಬರು ಬದುಕಿರುವ ಅಳಿಲುಗಳ ನೆಲೆಯನ್ನು ಗುರುತಿಸುತ್ತಿದ್ದರು. ಇನ್ನೊಂದು ಕಡೆ ಸರ್ಕಾರ ಸತ್ತ ಅಳಿಲುಗಳ ಬಾಲ ಎಣಿಸುತ್ತಿತ್ತು. ಇವೆರಡರಲ್ಲಿ ಮೊದಲನೆಯದೇ ಮುಖ್ಯವಾದ ಲೆಕ್ಕವೆಂಬುದು ಆಡಳಿತಕ್ಕೆ ಹೊಳೆಯಲು ಬಹಳ ಕಾಲ ಹಿಡಿಯಿತು. ೧೯೭೩ರಲ್ಲಿ ವಾರ್ಫರಿನ್ ಎಂಬ ಇಲಿಪಾಷಾಣವನ್ನು ಬೂದಳಿಲಿಗೆ ಇಡಲು ಅನುಮತಿ ಬಂದಾಗಲೂ ಮನಸ್ಸಿನಲ್ಲಿದ್ದ ಮುಖ್ಯ ಚಿಂತೆ ತೊಗಟೆ ಕಳೆದುಕೊಳ್ಳುತ್ತಿದ್ದ ಮರಗಳದು.

ಒಂದು ದ್ವೀಪದ ಕೆಲಸ

ವೇಲ್ಸಿನ ವಾಯವ್ಯ ಮೂಲೆಯಲ್ಲಿ ಆಂಗ್ಲ್‌ಸೀ ಎಂಬ ದ್ವೀಪವಿದೆ. ವಿಸ್ತೀರ್ಣ ಸುಮಾರು ೭೦೦ ಚದರ ಕಿಲೋಮೀಟರು. ಮೆನಾಯ್ ಎಂಬ ಕಿರಿದಾದ ಜಲಸಂಧಿ ಅದನ್ನು ಒಳನಾಡಿನಿಂದ ಬೇರ್ಪಡಿಸಿದೆ. ನಡುವೆ ಎರಡು ಸೇತುವೆಗಳಿವೆ. ೧೯೬೦ರ ದಶಕದಲ್ಲಿ ಬೂದಳಿಲುಗಳು ಇಲ್ಲಿಗೂ ದಾಟಿ ಬಂದವು. ೧೯೯೮ರ ವೇಳೆಗೆ ದ್ವೀಪದಲ್ಲಿ ಉಳಿದಿದ್ದ ಕೆಂಪಳಿಲುಗಳು ನಲವತ್ತರಷ್ಟು ಮಾತ್ರ. ಬೂದಳಿಲುಗಳು ಸಾವಿರಗಟ್ಟಲೆ ಇದ್ದವು.

ಆ ವರ್ಷ ಕೆಲಸಕ್ಕೆ ತೊಡಗಿಸಿದವರು ಎಸ್ಮಿ ಕರ್ಬಿ ಎಂಬ ವೃದ್ಧೆ. ಸ್ನೋಡೋನಿಯ ಪರ್ವತಪ್ರದೇಶದ ರಕ್ಷಣೆಗಾಗಿ ದುಡಿದು ಹೆಸರಾದವರು. ಮರುವರ್ಷವೇ ಅವರು ತೀರಿಕೊಂಡರು. ಕ್ರೇಗ್ ಶಟಲ್‌ವರ್ತ್ ಎಂಬ ವಿಜ್ಞಾನಿಯೂ ಅವರ ಜೊತೆಯವರೂ ಕೆಲಸವನ್ನು ಮುಂದುವರಿಸಿದರು. ಇಲ್ಲಿ ಬಾಲಕ್ಕೆ ಬೆಲೆಯಿರಲಿಲ್ಲ. ಕಾಡುಗಳಲ್ಲಿ ಕ್ರಮವಾಗಿ ತಂತಿಯ ಬೋನುಗಳನ್ನಿಟ್ಟು, ಮುಸುಕಿನ ಜೋಳದ ಕಾಳು ಹಾಕಿ, ದಿನವೂ ಹೋಗಿ ನೋಡುವುದು. ಕೆಂಪಳಿಲು ಸಿಕ್ಕಿದ್ದರೆ ಬಿಟ್ಟುಬಿಡುವುದು, ಬೂದಳಿಲಾದರೆ ಹೆಚ್ಚು ನರಳದಂತೆ ಕೊಲ್ಲುವುದು. ಒಂದು ಕಾಡಿನಲ್ಲಿ ಕೊನೆಯದು ಸಿಕ್ಕುವವರೆಗೆ ಅಲ್ಲಿಂದ ಕದಲದಿರುವುದು. ಹೇಳಲು ಇದು ಮೂರು ಮಾತು. ಮಾಡಿದವರಿಗೆ ಇದು ಹದಿನೈದು ವರ್ಷಗಳ ಮಳೆ, ಚಳಿ, ಕೆಸರು. ಬೇಟೆಯ ಉತ್ಸಾಹ ಇದರಲ್ಲಿ ಎಳ್ಳಷ್ಟೂ ಇಲ್ಲ. ಕೊನೆಯ ಹತ್ತು ಅಳಿಲುಗಳನ್ನು ಹಿಡಿಯಲು ಮೊದಲ ಸಾವಿರಕ್ಕಿಂತ ಹೆಚ್ಚು ತಾಳ್ಮೆ ಬೇಕು.

ಬೂದಳಿಲು ಇಳಿದಂತೆ ಉಳಿದವುಗಳಲ್ಲಿ ಸಿಡುಬಿನ ಕುರುಹೂ ಇಳಿಯಿತು. ೨೦೦೪ರಿಂದ ದ್ವೀಪದ ನ್ಯೂಬರೊ ಕಾಡಿನಲ್ಲಿ ಬೇರೆ ಕಡೆ ಸಾಕಿ ಬೆಳೆಸಿದ ಕೆಂಪಳಿಲುಗಳನ್ನು ತಂದು ಬಿಟ್ಟರು. ೨೦೧೩ರಲ್ಲಿ ಆಂಗ್ಲ್‌ಸೀ ಬೂದಳಿಲಿನಿಂದ ಮುಕ್ತವಾಯಿತೆಂದು ಸಾರಲಾಯಿತು. ನಲವತ್ತಕ್ಕೆ ಇಳಿದಿದ್ದ ಕೆಂಪಳಿಲು ಆ ಬಳಿಕದ ವರ್ಷಗಳಲ್ಲಿ ಏಳು ನೂರರ ಆಸುಪಾಸಿಗೆ ಏರಿತು.

ಇಡೀ ಅವಧಿಯಲ್ಲಿ ಕೊಂದ ಬೂದಳಿಲುಗಳು ಆರು ಸಾವಿರಕ್ಕೆ ಮೇಲ್ಪಟ್ಟವು. ಈ ಸಂಖ್ಯೆ ಚಿಕ್ಕದಲ್ಲ, ಅದನ್ನು ಚಿಕ್ಕದೆಂದು ತಳ್ಳಿಹಾಕುವುದು ಸಜ್ಜನರ ಲಕ್ಷಣವೂ ಅಲ್ಲ. ಆದರೆ ಶಿಲ್ಲಿಂಗಿನ ಕಾಲದ ಲೆಕ್ಕದ ಪಕ್ಕದಲ್ಲಿ ಇದನ್ನು ಇಟ್ಟು ನೋಡಬೇಕು. ಅಂದು ಹತ್ತು ಲಕ್ಷಕ್ಕೂ ಹೆಚ್ಚು ಅಳಿಲುಗಳು ಸತ್ತು ಒಂದು ಕಾಡೂ ಕೆಂಪಳಿಲಿಗೆ ಶಾಶ್ವತವಾಗಿ ಮರಳಲಿಲ್ಲ. ಇಲ್ಲಿ ಅದರ ನೂರನೆಯ ಒಂದು ಪಾಲಿಗಿಂತ ಕಡಿಮೆ ಸಾವಿನಿಂದ ಒಂದು ದ್ವೀಪ ಮರಳಿತು. ಸುತ್ತಲೂ ನೀರಿದ್ದದ್ದು ಇದಕ್ಕೆ ದೊಡ್ಡ ಸಹಾಯವೆಂಬುದು ನಿಜ. ಜಲಸಂಧಿಯ ಈಚೆಗೆ ಬ್ಯಾಂಗರ್ ಪಟ್ಟಣದ ಸುತ್ತಿನ ಕಾಡುಗಳಿಗೆ ಹಬ್ಬಿದ್ದ ಕೆಂಪಳಿಲುಗಳಲ್ಲಿ ಬಹುಪಾಲು ೨೦೨೦-೨೧ರ ಸುಮಾರಿನಲ್ಲಿ ಅದೇ ಸಿಡುಬಿಗೆ ತುತ್ತಾದವು. ಆದರೂ ಎರಡು ಲೆಕ್ಕಗಳ ಅಂತರಕ್ಕೆ ನೀರೊಂದೇ ಕಾರಣವಲ್ಲ. ಒಂದು ಯೋಜನೆ ಎಷ್ಟು ಸತ್ತವು ಎಂದು ಕೇಳಿತು. ಇನ್ನೊಂದು ಎಷ್ಟು ಉಳಿದಿವೆ ಎಂದು ಕೇಳಿತು.

ತಡವಾದ ದಯೆ

ಕೊಲ್ಲುವುದೇ ಬೇಡ ಎಂಬುವರ ಮಾತನ್ನೂ ಕೇಳಬೇಕು. ಇಂದು ಇಂಗ್ಲೆಂಡಿನ ತೋಟದಲ್ಲಿ ಆಡುವ ಬೂದಳಿಲು ಅಲ್ಲಿಯೇ ಹುಟ್ಟಿದ್ದು. ಅದರ ನೂರು ತಲೆಮಾರು ಅಲ್ಲಿಯೇ ಹುಟ್ಟಿ ಅಲ್ಲಿಯೇ ಸತ್ತಿದೆ. ಅದು ಕೇಳಿ ಬಂದದ್ದಲ್ಲ, ಅದಕ್ಕೆ ಕೇಡಿನ ಬುದ್ಧಿಯೂ ಇಲ್ಲ. ತಪ್ಪು ಡ್ಯೂಕನದು, ಪ್ರಾಣ ಅಳಿಲಿನದು. ಇದೆಂಥ ನ್ಯಾಯ?

ಈ ಪ್ರಶ್ನೆ ಇಟಲಿಯಲ್ಲಿ ನಿಜವಾಗಿಯೇ ನ್ಯಾಯಾಲಯದ ಮೆಟ್ಟಿಲೇರಿತು. ೧೯೪೮ರಲ್ಲಿ ತೂರಿನ್ ನಗರದ ಬಳಿಯ ಸ್ತೂಪಿನೀಜಿಯಲ್ಲಿ ಎರಡೇ ಜೋಡಿ ಬೂದಳಿಲುಗಳನ್ನು ಬಿಡಲಾಗಿತ್ತು. ಅವು ಹೆಚ್ಚಿ ಹರಡುವುದನ್ನು ಕಂಡು, ಆಲ್ಪ್ಸ್ ಪರ್ವತದ ಕಾಡುಗಳನ್ನು ಸೇರುವ ಮೊದಲೇ ತೆಗೆದುಹಾಕಬೇಕೆಂದು ವನ್ಯಜೀವಿ ಸಂಸ್ಥೆಯವರು ೧೯೯೭ರಲ್ಲಿ ರಕ್ಕೊನೀಜಿ ಉದ್ಯಾನದಲ್ಲಿ ಒಂದು ಪ್ರಯೋಗ ಆರಂಭಿಸಿದರು. ಅಳಿಲುಗಳನ್ನು ಹಿಡಿದು ಮತ್ತು ಬರಿಸಿ ಕೊಲ್ಲುವ ವಿಧಾನ ಅದು. ಪ್ರಾಣಿದಯಾ ಸಂಘಗಳು ಮೊಕದ್ದಮೆ ಹೂಡಿದವು, ಕೆಲಸ ನಿಂತಿತು. ಇಬ್ಬರು ಅಧಿಕಾರಿಗಳನ್ನು ೧೯೯೯ರಲ್ಲಿ ಕೆಳಗಿನ ನ್ಯಾಯಾಲಯ ತಪ್ಪಿತಸ್ಥರೆಂದಿತು; ಮೇಲ್ಮನವಿಯಲ್ಲಿ ೨೦೦೦ದಲ್ಲಿ ಅವರು ಖುಲಾಸೆಯಾದರು. ಆದರೆ ಅಳಿಲುಗಳು ತೀರ್ಪಿಗಾಗಿ ಕಾಯಲಿಲ್ಲ. ಮೂರು ವರ್ಷಗಳಲ್ಲಿ ಅವು ಎಷ್ಟು ಹರಡಿದವೆಂದರೆ, ಪೂರ್ತಿಯಾಗಿ ತೆಗೆಯುವ ಮಾತನ್ನೇ ಬಿಡಬೇಕಾಯಿತು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ದಯೆಯಿಂದ ಹೂಡಿದ ಮೊಕದ್ದಮೆಯ ಫಲವಾಗಿ, ಅಂದು ಸಾಯಬೇಕಾಗಿದ್ದವಕ್ಕಿಂತ ಎಷ್ಟೋ ಹೆಚ್ಚು ಅಳಿಲುಗಳನ್ನು ಮುಂದೆ ಕೊಲ್ಲಬೇಕಾದ ಹೊಣೆ ಇಟಲಿಯ ಮೇಲೆ ಬಿತ್ತು.

ಆದ್ದರಿಂದ ಬೂದಳಿಲು ನಿರಪರಾಧಿ ಎಂಬ ಮಾತನ್ನು ಪೂರ್ತಿಯಾಗಿ ಒಪ್ಪಿಯೇ ಅದರಿಂದ ಬೇರೊಂದು ಅರ್ಥ ತೆಗೆಯಬೇಕೆಂದು ನನಗೆ ತೋರುತ್ತದೆ. ಅದು ನಿರಪರಾಧಿಯಾದ್ದರಿಂದ ಅದನ್ನು ಕೊಲ್ಲುವುದು ಶಿಕ್ಷೆಯಾಗಲಾರದು. ಹಿರಿಯರು ಮಾಡಿಟ್ಟ ಸಾಲದ ತೀರುವಳಿಯಷ್ಟೇ. ಸಾಲ ತೀರಿಸುವವನು ಹೆಮ್ಮೆಪಡುವುದಿಲ್ಲ, ಹಗೆ ಸಾಧಿಸುವುದಿಲ್ಲ. ಬಡ್ಡಿ ಬೆಳೆಯದಂತೆ ಬೇಗ ತೀರಿಸುತ್ತಾನೆ. ಎಲ್ಲಿ ಕೆಂಪಳಿಲು ಇನ್ನೂ ಉಳಿದಿದೆಯೋ ಅಲ್ಲಿ, ಎಷ್ಟು ಬೇಕೋ ಅಷ್ಟು, ಆದಷ್ಟು ಬೇಗ; ಅದಕ್ಕಿಂತ ಹೆಚ್ಚಿನದು ಕ್ರೌರ್ಯ, ಅದಕ್ಕಿಂತ ಕಡಿಮೆಯದು ಕ್ರೌರ್ಯವನ್ನು ಮುಂದಕ್ಕೆ ತಳ್ಳುವುದು.

ಕಾಡಿನ ಕಾವಲುಗಾರ

ಈಚಿನ ವರ್ಷಗಳಲ್ಲಿ ಈ ಕಥೆಗೆ ಮೂರನೆಯ ಪ್ರಾಣಿಯೊಂದು ಸೇರಿಕೊಂಡಿದೆ. ಪೈನ್ ಮಾರ್ಟನ್ ಎಂಬುದು ಉದ್ದ ಮೈಯ, ಪೊದೆ ಬಾಲದ, ಮರವೇರುವ ಬೇಟೆಗಾರ. ನಮ್ಮ ಪಶ್ಚಿಮ ಘಟ್ಟಗಳ ದಟ್ಟ ಕಾಡಿನಲ್ಲಿ ಅಪರೂಪವಾಗಿ ಕಾಣುವ, ಕೊರಳು ಹಳದಿಯಾದ ನೀಲಗಿರಿ ಮಾರ್ಟನ್ ಅದರ ದಾಯಾದಿ. ಜಮೀನುದಾರರ ಬೇಟೆಯ ಹಕ್ಕಿಗಳನ್ನು ತಿನ್ನುತ್ತದೆಂಬ ಅಪರಾಧಕ್ಕಾಗಿ ಹತ್ತೊಂಬತ್ತನೆಯ ಶತಮಾನದಲ್ಲಿ ಕಾವಲುಗಾರರು ಅದನ್ನು ಬ್ರಿಟನ್ನಿನ ಬಹುಭಾಗದಿಂದ ಇಲ್ಲದಂತೆ ಮಾಡಿದ್ದರು.

ಐರ್ಲೆಂಡಿನ ಮಧ್ಯಭಾಗದಲ್ಲಿ ಈ ಮಾರ್ಟನ್ ಮರಳಿ ಹೆಚ್ಚಿದಾಗ ಬೂದಳಿಲು ಕಡಿಮೆಯಾಗಿ ಕೆಂಪಳಿಲು ತಾನಾಗಿ ಹಿಂದಿರುಗಿತೆಂಬುದು ೨೦೧೪ರಲ್ಲಿ ಪ್ರಕಟವಾದ ಅಧ್ಯಯನದಿಂದ ತಿಳಿದುಬಂತು. ೨೦೧೮ರಲ್ಲಿ ಸ್ಕಾಟ್ಲೆಂಡಿನಿಂದಲೂ ಅದೇ ಮಾತು ಬಂತು. ಕೆಂಪಳಿಲು ಈ ವೈರಿಯೊಡನೆ ಸಾವಿರಾರು ವರ್ಷ ಬಾಳಿದೆ; ಅದರ ವಾಸನೆ ಬಂದರೆ ಎಚ್ಚರಗೊಳ್ಳುತ್ತದೆ. ಬೂದಳಿಲಿಗೆ ಆ ವಾಸನೆಯ ಅರ್ಥ ಗೊತ್ತಿಲ್ಲ. ೨೦೧೫ರಿಂದ ಸ್ಕಾಟ್ಲೆಂಡಿನ ಮಾರ್ಟನ್‌ಗಳನ್ನು ವೇಲ್ಸಿಗೆ, ೨೦೧೯ರಿಂದ ಇಂಗ್ಲೆಂಡಿನ ಡೀನ್ ಕಾಡಿಗೆ ಒಯ್ದು ಬಿಡಲಾಗಿದೆ. ಆದರೆ ಇದೂ ಸರ್ವರೋಗಕ್ಕೆ ಮದ್ದಲ್ಲ. ಮಾರ್ಟನ್ ಪಟ್ಟಣಗಳನ್ನು ಒಲ್ಲದು. ಬೂದಳಿಲಿಗೆ ಪಟ್ಟಣವೇ ಭದ್ರವಾದ ಕೋಟೆ. ಅದಕ್ಕಾಗಿ ಬೂದಳಿಲಿಗೆ ಮರಿಯಾಗದಂತೆ ತಿನಿಸಿನಲ್ಲಿ ಔಷಧ ಕೊಡುವ ಸಂಶೋಧನೆಯೂ ಸರ್ಕಾರಿ ಪ್ರಯೋಗಾಲಯದಲ್ಲಿ ನಡೆದಿದೆ. ಅದು ಕೈಗೂಡಿದರೆ ಕೊಲ್ಲುವ ಕೈಗೆ ವಿರಾಮ ಸಿಕ್ಕೀತು.

೨೦೧೮ರಲ್ಲಿ ಪ್ರಕಟವಾದ ಅಂದಾಜಿನಂತೆ ಬ್ರಿಟನ್ನಿನಲ್ಲಿದ್ದ ಬೂದಳಿಲುಗಳು ೨೭ ಲಕ್ಷ. ಕೆಂಪಳಿಲುಗಳು ೨ ಲಕ್ಷದ ೮೭ ಸಾವಿರ. ಕೆಂಪಳಿಲುಗಳಲ್ಲಿ ಸುಮಾರು ೨ ಲಕ್ಷದ ೩೯ ಸಾವಿರ ಸ್ಕಾಟ್ಲೆಂಡಿನಲ್ಲಿವೆ. ಅಂದರೆ, ಒಂದು ಕಾಲಕ್ಕೆ ಬಾಲಕ್ಕೆ ಹಣ ಕೊಟ್ಟು ಅದನ್ನು ಹೊಡೆಸಿದ ನಾಡೇ ಇಂದು ಅದರ ಕೊನೆಯ ದೊಡ್ಡ ಆಸರೆ.

ಈ ಕಥೆಯಿಂದ ಇಂಗ್ಲಿಷರ ಅವಿವೇಕವನ್ನು ಮಾತ್ರ ಎತ್ತಿಕೊಂಡು ನಾವು ನಗುವಂತಿಲ್ಲ. ಭಾರತದ ಐದು ಪಟ್ಟೆಯ ಅಳಿಲೂ ೧೮೯೮ರಲ್ಲಿ ಆಸ್ಟ್ರೇಲಿಯದ ಪರ್ತ್ ನಗರದ ಮೃಗಾಲಯ ಸೇರಿ, ಅಲ್ಲಿಂದ ಹೊರಬಿದ್ದು ಆ ಊರಿನ ತೋಟಗಳಲ್ಲಿ ನೆಲೆಸಿದೆ. ನಮ್ಮಲ್ಲಿ ಸೇತುವೆ ಕಟ್ಟಲು ಮರಳು ಹೊತ್ತ ಭಕ್ತನ ಬಳಗ ಅಲ್ಲಿ ಹೊರಗಿನಿಂದ ಬಂದ ಪೀಡೆಗಳ ಪಟ್ಟಿಯಲ್ಲಿದೆ. ಅಳಿಲು ಬದಲಾಗಲಿಲ್ಲ, ಅದನ್ನು ಇಟ್ಟ ಜಾಗ ಬದಲಾಯಿತು. ಇಟ್ಟವರು ಮನುಷ್ಯರು. ಎತ್ತಿಡುವ ಮುನ್ನ ಯೋಚಿಸಲು ಒಂದು ದಿನ ಸಾಕಾ‌ಗಿತ್ತು. ಈಗ ಇಂಗ್ಲೆಂಡಿನ ಉತ್ತರದ ಕಾಡುಗಳಲ್ಲಿಯೂ ಸ್ಕಾಟ್ಲೆಂಡಿನ ಗಡಿಯಲ್ಲಿಯೂ ಸ್ವಯಂಸೇವಕರು ಬೆಳಗಾಗೆದ್ದು ಬೋನುಗಳನ್ನು ನೋಡಿಬರುತ್ತಾರೆ. ಕೆಂಪಳಿಲು ಸಿಕ್ಕಿದ್ದರೆ ಬಾಗಿಲು ತೆರೆಯುತ್ತಾರೆ. ಬೂದಳಿಲು ಸಿಕ್ಕಿದ್ದರೆ, ತಮಗೆ ಸಂಬಂಧವಿಲ್ಲದ ಯಾರದೋ ಹಳೆಯ ಸಾಲದಲ್ಲಿ ಇನ್ನೊಂದು ಕಂತನ್ನು ಕಟ್ಟುತ್ತಾರೆ.